ಬಾದಾಮಿಯಲ್ಲಿ ಹಿಮ ಬಿದ್ದೀತೇ?

ಪುಷ್ಯ ಮಾಸದ ಒಂದು ಮುಂಜಾನೆ. ಬಾದಾಮಿಯ ಚಹದ ಅಂಗಡಿಯೊಂದರ ಮುಂದೆ ನಾಲ್ಕಾರು ಜನ ಕಂಬಳಿ ಹೊದ್ದು ಬಿಸಿಲಿಗಾಗಿ ಕಾಯುತ್ತ ನಿಂತಿದ್ದರು. ಕೆಂಪು ಬಂಡೆಗಳ ನೆತ್ತಿಗೆ ಬಿಸಿಲು ತಾಗಿತ್ತು. ಕೆಳಗಿನ ಓಣಿಗಳಿಗೆ ಅದು ಇನ್ನೂ ಇಳಿದಿರಲಿಲ್ಲ. ಅಗಸ್ತ್ಯ ತೀರ್ಥದ ನೀರಿನ ಮೇಲೆ ತೆಳುವಾದ ಬಿಳಿಯ ಪೊರೆಯೊಂದು ತೇಲುತ್ತಿತ್ತು. ಅದನ್ನು ನೋಡುತ್ತ ಒಬ್ಬ ತರುಣ ಹೇಳಿದ:

"ಈ ಸಲದ ಥಂಡಿ ನೋಡಿದ್ರ ನಮ್ಮ ಊರಾಗೂ ಬರ್ಫ ಬಿದ್ದೀತು ಅನಸ್ತೈತಿ."

"ಸುಮ್ಮನಿರೋ ತಮ್ಮಾ, ಕಾಶ್ಮೀರದಾಗ ಬೀಳೂದು ಬಾದಾಮ್ಯಾಗ ಹೆಂಗ ಬಿದ್ದೀತು?" ಎಂದರು ಹಿರಿಯರೊಬ್ಬರು.

"ಯಾಕ ಬೀಳಬಾರದು ಕಾಕಾ? ಕಾಲಮಾನ ಎಲ್ಲಾ ಬದಲಾಗೇತಿ. ಊಟಿಯಾಗ ಬಿದ್ದಿದ್ದು ನಾನ ಫೋನಿನಾಗ ನೋಡೀನಿ" ಎಂದು ಮತ್ತೊಬ್ಬ ತರುಣನ ಪಕ್ಷ ವಹಿಸಿದ. ಮಾತು ಬೆಳೆಯಿತು. ಕೊನೆಗೆ ಎಲ್ಲರೂ ನನ್ನ ಕಡೆಗೆ ತಿರುಗಿ, "ಮಾಸ್ತರ, ನೀವ ಹೇಳ್ರಿ" ಎಂದರು.

ಇಂಥ ಮಾತನ್ನು ಕಾಡುಹರಟೆಯೆಂದು ತಳ್ಳಿಹಾಕುವವರು ಬಹಳ. ಹವೆಯ ಮಾತು ಬೇರೆ ಮಾತಿಲ್ಲದವರ ಮಾತು ಎಂದು ಪೇಟೆಯ ಜನ ಹಾಸ್ಯ ಮಾಡುವುದುಂಟು. ನನಗೆ ಆ ಅಭಿಪ್ರಾಯ ಒಪ್ಪಿಗೆಯಿಲ್ಲ. ವರ್ಷಕ್ಕೆ 600 ಮಿಲಿಮೀಟರಿಗಿಂತಲೂ ಕಡಿಮೆ ಮಳೆ ಬೀಳುವ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಆಕಾಶವನ್ನು ಕುರಿತು ಆಡದೆ ಮತ್ತೆ ಯಾವುದನ್ನು ಕುರಿತು ಆಡಬೇಕು? ಇದೇ ರಾಜ್ಯದ ಆಗುಂಬೆಯಲ್ಲಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಲ್ಲಿಯವರು ಮಳೆ ಯಾವಾಗ ನಿಂತೀತೆಂದು ಕೇಳಿದರೆ, ಸಹ್ಯಾದ್ರಿಯ ಮಳೆನೆರಳಿನಲ್ಲಿ ಕುಳಿತ ನಾವು ಯಾವಾಗ ಬಂದೀತೆಂದು ಕೇಳುತ್ತೇವೆ. ಊಹಿಸುವುದು ನಮಗೆ ಅನಿವಾರ್ಯ. ಆದರೆ ಆ ಊಹೆಯನ್ನು ಹೇಗೆ ಮಾಡುತ್ತೇವೆ, ಅದು ತಪ್ಪಿದಾಗ ಏನು ಮಾಡುತ್ತೇವೆ ಎಂಬುದರಲ್ಲಿ ನಮ್ಮಿಂದ ಒಂದು ದೊಡ್ಡ ಲೋಪವಾಗುತ್ತಿದೆ. ಆ ಲೋಪವನ್ನು ಕುರಿತು ಹೇಳಬೇಕೆಂದೇ ಈ ಹಿಮದ ಮಾತನ್ನು ಎತ್ತಿಕೊಂಡಿದ್ದೇನೆ.

ಮೊದಲು ಹಿಮದ ಪ್ರಶ್ನೆಯನ್ನೇ ನೋಡೋಣ. ಬಾಗಲಕೋಟೆ ಸಮುದ್ರಮಟ್ಟದಿಂದ ಸುಮಾರು 530 ಮೀಟರ್ ಎತ್ತರದಲ್ಲಿದೆ. ಬಾದಾಮಿ ಅದಕ್ಕಿಂತ ತುಸು ಮೇಲೆ. ಜನವರಿಯ ರಾತ್ರಿಗಳಲ್ಲಿ ಇಲ್ಲಿಯ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಕಡುಚಳಿಯ ಕೆಲವು ದಿನಗಳಲ್ಲಿ 10 ಡಿಗ್ರಿಯ ಸಮೀಪಕ್ಕೆ ಇಳಿಯುವುದುಂಟು. ನೀರು ಹೆಪ್ಪುಗಟ್ಟುವುದು ಸೊನ್ನೆ ಡಿಗ್ರಿಯಲ್ಲಿ. ವಾತಾವರಣದಲ್ಲಿ ಮೇಲೆ ಹೋದಂತೆ ಪ್ರತಿ ಕಿಲೋಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಷ್ಟು ತಂಪಾಗುತ್ತದೆ. ನಮ್ಮ ನೆತ್ತಿಯ ಮೇಲೆ ಸೊನ್ನೆ ಡಿಗ್ರಿ ದೊರೆಯಬೇಕಾದರೆ ಚಳಿಗಾಲದಲ್ಲಿಯೂ ನಾಲ್ಕು ಕಿಲೋಮೀಟರಿಗಿಂತ ಹೆಚ್ಚು ಎತ್ತರಕ್ಕೆ ಏರಬೇಕಾಗುತ್ತದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರವೇ ಎರಡು ಕಿಲೋಮೀಟರಿಗೆ ಕಡಿಮೆ. ಅಷ್ಟು ಮೇಲಿನಿಂದ ಹೊರಟ ಹಿಮದ ಅರಳೆ ಬಾದಾಮಿಯ ಬಂಡೆಯನ್ನು ಮುಟ್ಟುವಷ್ಟರಲ್ಲಿ ದಾರಿಯಲ್ಲಿಯೇ ಕರಗಿ ನೀರಾಗಿರುತ್ತದೆ, ಇಲ್ಲವೆ ಆರಿಯೇ ಹೋಗಿರುತ್ತದೆ.

ಭೂಮಧ್ಯರೇಖೆಗೆ ಸಮೀಪದ ದೇಶಗಳಲ್ಲಿ ಹಿಮವೇ ಬೀಳದೆಂದು ಇದರಿಂದ ತಿಳಿಯಬಾರದು. ಆಫ್ರಿಕದ ಕಿಲಿಮಂಜಾರೊ ಪರ್ವತ ನಮಗಿಂತಲೂ ಭೂಮಧ್ಯರೇಖೆಗೆ ಹತ್ತಿರದಲ್ಲಿದ್ದರೂ 5,895 ಮೀಟರ್ ಎತ್ತರವಿರುವುದರಿಂದ ಅದರ ತಲೆಯ ಮೇಲೆ ಹಿಮವಿದೆ.

ಇನ್ನೊಂದು ಅಡಚಣೆಯೂ ಇದೆ. ಹಿಮಕ್ಕೆ ಚಳಿ ಮಾತ್ರ ಸಾಲದು, ತೇವವೂ ಬೇಕು. ನಮ್ಮಲ್ಲಿ ಇವೆರಡೂ ಒಟ್ಟಿಗೆ ಬರುವುದೇ ಇಲ್ಲ. ಚಳಿ ಹೆಚ್ಚುವುದು ಆಕಾಶ ನಿರ್ಮಲವಾಗಿದ್ದಾಗ. ಹಗಲು ಕಾದ ನೆಲ ರಾತ್ರಿ ತನ್ನ ಶಾಖವನ್ನು ತಡೆಯಿಲ್ಲದೆ ಬಯಲಿಗೆ ಬಿಟ್ಟುಕೊಡುತ್ತದೆ, ಒಣಗಾಳಿ ಬೀಸುತ್ತಿರುತ್ತದೆ, ಬೆಳಗಿನ ಜಾವಕ್ಕೆ ಹಲ್ಲು ಕಟಕಟಿಸುತ್ತದೆ. ಬಂಗಾಳ ಉಪಸಾಗರದಿಂದ ಮೋಡಗಳು ಬಂದವೋ, ಅವು ನೆಲಕ್ಕೆ ಹೊದಿಸಿದ ದುಪ್ಪಟಿಯಂತೆ ಶಾಖವನ್ನು ಹಿಡಿದಿಡುತ್ತವೆ. ಮೋಡ ಕವಿದ ರಾತ್ರಿ ಚಳಿ ಕಡಿಮೆಯೆಂಬುದು ಹೊಲದಲ್ಲಿ ಕಾವಲು ಮಲಗುವ ಯಾರಿಗೂ ಗೊತ್ತು.

ಹಾಗಾದರೆ ಆ ತರುಣ ಕಂಡ ಊಟಿಯ ಚಿತ್ರ ಸುಳ್ಳೇ? ಅದು ಸುಳ್ಳಾಗಿರಬೇಕಾಗಿಲ್ಲ. ನೀಲಗಿರಿಯ ಮೇಲೆ ಡಿಸೆಂಬರ್, ಜನವರಿಗಳಲ್ಲಿ ಇಬ್ಬನಿಯು ಹುಲ್ಲಿನ ಮೇಲೆಯೇ ಹೆಪ್ಪುಗಟ್ಟಿ ಬಯಲೆಲ್ಲ ಸುಣ್ಣ ಬಳಿದಂತೆ ಕಾಣುವುದುಂಟು. ಅದು ಆಕಾಶದಿಂದ ಬಿದ್ದ ಹಿಮವಲ್ಲ, ನೆಲದ ಮೇಲೆ ಹುಟ್ಟಿದ್ದು. ನಮ್ಮ ಭಾಷೆಯೂ ಈ ಗೊಂದಲಕ್ಕೆ ತುಸು ನೆರವಾಗಿದೆಯೆನ್ನಬೇಕು. ಕೆರೆಯ ಮೇಲೆ ತೇಲುವುದೂ ಮಂಜು, ಹಿಮಾಲಯದಲ್ಲಿ ಬೀಳುವುದೂ ಮಂಜು! ಹಿಮವನ್ನೇ ಕಾಣದ ನಾಡಿನ ಜನ ಅದಕ್ಕೆಂದು ಪ್ರತ್ಯೇಕವಾದ ಮಾತನ್ನು ಏಕೆ ಹುಟ್ಟಿಸಿಯಾರು? ಇದಕ್ಕೆ ಬದಲಾಗಿ ಇಬ್ಬನಿ, ತುಂತುರು, ಜಡಿ, ಆಲಿಕಲ್ಲು ಎಂದು ನಾವು ಕಂಡುಂಡದ್ದಕ್ಕೆಲ್ಲ ಹೆಸರಿಟ್ಟಿದ್ದೇವೆ.

ಬಿಳಿಯದಾಗಿ, ತಣ್ಣಗೆ, ಆಕಾಶದಿಂದ ನಮ್ಮ ಅಂಗಳಕ್ಕೆ ಬೀಳುವ ವಸ್ತು ಈ ಆಲಿಕಲ್ಲು ಒಂದೇ. ಅದು ಬರುವುದು ಚಳಿಗಾಲದಲ್ಲಲ್ಲ. ಬಿಸಿಲು ಏರಿದ ಮೇಲೆ, ಹೆಚ್ಚಾಗಿ ಮಾರ್ಚ್‌ನಿಂದ ಮೇ ತಿಂಗಳವರೆಗೆ. ಕಾದ ಗಾಳಿ ರಭಸದಿಂದ ಮೇಲೇರಿ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ಗುಡುಗುಮೋಡವನ್ನು ಕಟ್ಟುತ್ತದೆ. ಅದರ ಒಳಗೆ ನೀರಿನ ಹನಿಗಳು ಗಾಳಿಯ ಸೆಳೆತಕ್ಕೆ ಸಿಕ್ಕಿ ಹೆಪ್ಪುಗಟ್ಟುತ್ತವೆ, ಪದರದ ಮೇಲೆ ಪದರ ಕೂಡಿಸಿಕೊಂಡು ದಪ್ಪವಾಗುತ್ತವೆ, ಗಾಳಿ ಹೊರಲಾರದಷ್ಟು ಭಾರವಾದಾಗ ಕೆಳಗೆ ಬೀಳುತ್ತವೆ. ಕರಗಲು ಪುರಸೊತ್ತಿಲ್ಲದಷ್ಟು ವೇಗವಾಗಿ ಬೀಳುವುದರಿಂದಲೇ ಅವು ಕಲ್ಲಾಗಿಯೇ ನೆಲ ಮುಟ್ಟುತ್ತವೆ. ಮಕ್ಕಳು ಅವನ್ನು ಆಯ್ದು ಬಾಯಿಗೆ ಹಾಕಿಕೊಳ್ಳುವ ಹೊತ್ತಿಗೆ ದ್ರಾಕ್ಷಿ, ದಾಳಿಂಬೆಗಳ ತೋಟದ ಒಡೆಯ ತಲೆಯ ಮೇಲೆ ಕೈಹೊತ್ತು ಕುಳಿತಿರುತ್ತಾನೆ. 2014ರ ಫೆಬ್ರವರಿಯ ಕೊನೆಯಿಂದ ಮಾರ್ಚ್ ನಡುವಿನವರೆಗೆ ಮಹಾರಾಷ್ಟ್ರದಲ್ಲಿಯೂ ಅದಕ್ಕೆ ತಾಗಿದ ನಮ್ಮ ಸೀಮೆಯಲ್ಲಿಯೂ ಇಂಥ ಆಲಿಕಲ್ಲು ಮಳೆ ಅಪಾರ ಬೆಳೆಯನ್ನು ನೆಲಕ್ಕೆ ಹಾಕಿತು.

ಅಂತೂ ಬಾದಾಮಿಯಲ್ಲಿ ಹಿಮ ಬೀಳದೆಂದು ನಾನು ಹೇಳಿದೆ. ತರುಣನಿಗೆ ನಿರಾಶೆಯಾಯಿತು. ಹಿರಿಯರು ಗೆದ್ದವರಂತೆ ಮೀಸೆ ತಿರುವಿದರು. ಆದರೆ ನಿಜವಾಗಿ ನೋಡಿದರೆ ಆ ಹಿರಿಯರ ಗೆಲುವಿನಲ್ಲಿ ಹೆಚ್ಚುಗಾರಿಕೆಯೇನೂ ಇರಲಿಲ್ಲ. ಬಾಗಲಕೋಟೆಯಲ್ಲಿ ಕುಳಿತು "ನಾಳೆ ಹಿಮ ಬೀಳುವುದಿಲ್ಲ" ಎಂದು ದಿನವೂ ಹೇಳುವವನ ಮಾತು ಒಂದು ದಿನವೂ ತಪ್ಪುವುದಿಲ್ಲ. ಅವನಿಗೆ ಹವೆಯ ಶಾಸ್ತ್ರ ಗೊತ್ತಿದೆಯೆನ್ನಲಾದೀತೇ? ಮಳೆಯ ವಿಷಯವೂ ಹಾಗೆಯೇ. ಎರಡೂವರೆ ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆಯಾದ ದಿನವನ್ನು ಹವಾಮಾನ ಇಲಾಖೆ ಮಳೆಯ ದಿನವೆಂದು ಎಣಿಸುತ್ತದೆ. ನಮ್ಮ ಕಡೆ ಅಂಥ ದಿನಗಳು ವರ್ಷಕ್ಕೆ ಐವತ್ತನ್ನೂ ಮುಟ್ಟುವುದಿಲ್ಲ. ಆಕಾಶವನ್ನೇ ನೋಡದೆ ಮುಂಜಾನೆ ಎದ್ದು "ಇಂದು ಮಳೆ ಇಲ್ಲ" ಎನ್ನುವವನು 300ಕ್ಕೂ ಹೆಚ್ಚು ದಿನ ಸರಿಯಾಗಿರುತ್ತಾನೆ! ಒಬ್ಬನ ಮಾತು ಎಷ್ಟು ಸಲ ನಿಜವಾಯಿತೆಂದು ಎಣಿಸಿದರೆ ಸಾಲದು. ಸುಮ್ಮನೆ ಹೇಳಿದ್ದರೆ ಎಷ್ಟು ಸಲ ನಿಜವಾಗುತ್ತಿತ್ತು, ಅದಕ್ಕಿಂತ ಇವನು ಎಷ್ಟು ಮೇಲು ಎಂಬುದನ್ನು ನೋಡಬೇಕಾಗುತ್ತದೆ.

ನಮ್ಮ ರೈತನ ಊಹೆ ಹಿಮವನ್ನು ಕುರಿತದ್ದಲ್ಲ. ಅವನಿಗೆ ಬೇಕಾದದ್ದು ಬೇರೆ. ಹುನಗುಂದದ ಎರೆನೆಲದಲ್ಲಿ ಹಿಂಗಾರಿಗೆ ಬಿತ್ತಿದ ಬಿಳಿಜೋಳ ಮೇಲಿನ ಮಳೆಯನ್ನು ನಂಬಿ ಬೆಳೆಯುವುದಿಲ್ಲ. ಬಿತ್ತುವ ಮೊದಲು ನೆಲ ಕುಡಿದಿಟ್ಟ ನೀರೇ ಅದಕ್ಕೆ ಆಧಾರ. ಮೇಲೆ ಚಳಿ, ಇಬ್ಬನಿಗಳ ಆರೈಕೆ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲಲು ಹೋದಾಗ ತೆನೆ ಹೊರಟಿದೆಯೋ ಇಲ್ಲವೋ ಎಂಬುದರಲ್ಲಿ ಇಡೀ ವರ್ಷದ ರೊಟ್ಟಿಯ ಲೆಕ್ಕವಿರುತ್ತದೆ. ಕಡಲೆಯ ಗಿಡಕ್ಕೂ ಚಳಿ ಬೇಕು. ಅದರ ಎಲೆಗಳ ಮೇಲೆ ಒಸರುವ ಹುಳಿಯನ್ನು ಇಬ್ಬನಿಯೊಡನೆ ಬಿಳಿಯ ಬಟ್ಟೆಯಲ್ಲಿ ಹೀರಿಸಿ ಹಿಂಡಿ ಇಟ್ಟುಕೊಳ್ಳುವ ರೂಢಿ ಹಳ್ಳಿಗಳಲ್ಲಿತ್ತು. ಹತ್ತು ದಿನ ಮೋಡ ಹಾಕಿತೆಂದರೆ ಕಡಲೆಗೆ ಕೀಡೆ ಬಿತ್ತೆಂದೇ ರೈತ ಹೆದರುತ್ತಾನೆ. ಇಳಕಲ್ಲಿನಲ್ಲಿ ಹಾಸಿನ ನೂಲಿಗೆ ಗಂಜಿ ಕೊಟ್ಟು ಬೀದಿಯುದ್ದಕ್ಕೂ ಹರವಿದ ನೇಕಾರನಿಗೆ ಅದೇ ಮೋಡ ಮತ್ತೊಂದು ಬಗೆಯ ಚಿಂತೆ ತರುತ್ತದೆ.

ಇಷ್ಟೆಲ್ಲ ಮೊದಲಾಗುವುದು ಬಿತ್ತನೆಯ ದಿನವನ್ನು ಗೊತ್ತುಮಾಡುವಲ್ಲಿ. ಅದಕ್ಕೆ ನಮ್ಮ ಹಿರಿಯರು ಮಳೆ ನಕ್ಷತ್ರಗಳ ಲೆಕ್ಕವನ್ನು ಇಟ್ಟುಕೊಂಡಿದ್ದರು, ಇಂದಿಗೂ ಇಟ್ಟುಕೊಂಡಿದ್ದಾರೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಮೇ 25ರ ಸುಮಾರಿಗೆ ರೋಹಿಣಿ ಕೂಡುತ್ತದೆ, ಜೂನ್ 8ರ ಸುಮಾರಿಗೆ ಮಿರಗ. ಹೀಗೆ ಆರಿದ್ರಿ, ಪುನರ್ವಸು, ಪುಷ್ಯ, ಆಶ್ಲೇಷ, ಮಘಿ, ಹುಬ್ಬಿ ದಾಟಿ ಸೆಪ್ಟೆಂಬರ್ ನಡುವೆ ಉತ್ತರಿ, ತಿಂಗಳ ಕೊನೆಗೆ ಹಸ್ತ, ಅಕ್ಟೋಬರಿನಲ್ಲಿ ಚಿತ್ತಿ, ಸ್ವಾತಿ. ಇದನ್ನು ಮೂಢನಂಬಿಕೆಯೆಂದು ನಗುವವರು ಅವಸರ ಮಾಡುತ್ತಾರೆಂದು ನನ್ನ ಎಣಿಕೆ. ಸೂರ್ಯನ ಸ್ಥಾನವನ್ನು ಹಿಡಿದ ಈ ಲೆಕ್ಕ ಋತುಮಾನದ ಲೆಕ್ಕವೇ ಆಗಿದೆ. ಚಾಂದ್ರಮಾನದ ತಿಂಗಳುಗಳಂತೆ ಹಿಂದುಮುಂದಾಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಮಳೆ ಹೆಚ್ಚುವುದು ಸೆಪ್ಟೆಂಬರಿನಲ್ಲಿ ಎಂಬುದನ್ನು ಮಳೆಮಾಪಕಗಳು ತೋರಿಸುತ್ತವೆ. ಉತ್ತರಿ, ಹಸ್ತಗಳನ್ನು ಹಿಂಗಾರಿಯ ಬಿತ್ತನೆಗೆ ಆರಿಸಿದವರು ಮಾಪಕವಿಲ್ಲದೆಯೇ ಅದನ್ನು ಕಂಡುಕೊಂಡಿದ್ದರು.

ಆದರೆ ಈ ಲೆಕ್ಕ ಹೇಳಬಲ್ಲದ್ದು ಇಷ್ಟೇ: ಈ ಹದಿನಾಲ್ಕು ದಿನಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಎಂಬುದನ್ನು. ಈ ವರ್ಷದ ಹಸ್ತ ಏನು ಮಾಡೀತೆಂಬುದು ಅದರ ಅಳವಿಗೆ ಮೀರಿದ್ದು. 2009ರಲ್ಲಿ ದೇಶದ ಮುಂಗಾರು ವಾಡಿಕೆಗಿಂತ ಐದನೆಯ ಒಂದು ಭಾಗಕ್ಕೂ ಹೆಚ್ಚು ಕೊರತೆಯಾಗಿ ಬರವೆನಿಸಿತು. ಅದೇ ವರ್ಷ ಸೆಪ್ಟೆಂಬರಿನ ಕೊನೆಗೆ, ಸೂರ್ಯ ಹಸ್ತಕ್ಕೆ ಬಂದಾಗ, ಉತ್ತರ ಕರ್ನಾಟಕದ ಮೇಲೆ ಮಳೆ ಹುಚ್ಚೆದ್ದು ಸುರಿಯಿತು. ಮಲಪ್ರಭೆಯ ದಂಡೆಯ ಹಳ್ಳಿಗಳು ಮುಳುಗಿದವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಊರು ಊರುಗಳನ್ನೇ ಬೇರೆಡೆಗೆ ಎತ್ತಿ ಕಟ್ಟಬೇಕಾಯಿತು. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿದ ನೀರಂತೂ ಬಾದಾಮಿಯ ಆಕಾಶದಿಂದ ಬಿದ್ದದ್ದಲ್ಲ. ಮಲಪ್ರಭೆ ಹುಟ್ಟುವ ಖಾನಾಪುರದ ಕಾಡುಗಳಲ್ಲಿ ಸುರಿದು, ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟು ಬಂದದ್ದು. ತನ್ನ ಊರಿನ ಮೋಡವನ್ನಷ್ಟೇ ನೋಡುವವನು ಇಂಥದನ್ನು ಊಹಿಸಲಾರ.

ನಮ್ಮೂರಿನ ಮಳೆಗೆ ದೂರದೇಶದ ಹವೆ ಕಾರಣವಾದೀತೆಂಬ ವಿಚಾರವೂ ನಮ್ಮ ಮಣ್ಣಿನ ದುಃಖದೊಡನೆ ಬೆಳೆದದ್ದೇ. ಬಾಗಲಕೋಟೆಗೆ ಹತ್ತಿರದ ಕಲಾದಗಿ ಇಂದು ಒಂದು ಸಣ್ಣ ಊರು. 1885ರವರೆಗೆ ಅದು ಜಿಲ್ಲೆಯ ಮುಖ್ಯಸ್ಥಳವಾಗಿತ್ತು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮುಂಬಯಿ ಪ್ರಾಂತದಲ್ಲಿ ಅತಿ ಹೆಚ್ಚು ನವೆದ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಆ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲಿನಷ್ಟು ಕುಗ್ಗಿತ್ತು. ಮಳೆ ತಪ್ಪುವುದನ್ನು ಮೊದಲೇ ತಿಳಿಯಲು ಸಾಧ್ಯವೇ ಎಂಬ ಪ್ರಶ್ನೆ ಸರ್ಕಾರವನ್ನು ಕಾಡತೊಡಗಿತು. ಭಾರತದ ಹವಾಮಾನ ಇಲಾಖೆ 1875ರಲ್ಲಿ ಆಗಲೇ ಸ್ಥಾಪನೆಯಾಗಿತ್ತು. ಅದರ ಮುಖ್ಯಸ್ಥನಾಗಿದ್ದ ಹೆನ್ರಿ ಬ್ಲಾನ್‌ಫರ್ಡ್ ಉತ್ತರ ಹುಡುಕಲು ನೋಡಿದ್ದು ಎಲ್ಲಿ? ಹಿಮಾಲಯದ ಹಿಮದಲ್ಲಿ!

ಚಳಿಗಾಲದಲ್ಲಿಯೂ ವಸಂತದಲ್ಲಿಯೂ ಹಿಮಾಲಯದ ಮೇಲೆ ಹಿಮ ಅತಿಯಾಗಿ ಬಿದ್ದರೆ ಮುಂದಿನ ಮಳೆಗಾಲ ದುರ್ಬಲವಾಗುತ್ತದೆಂದು ಆತ 1884ರಲ್ಲಿ ಪ್ರತಿಪಾದಿಸಿದ. ತರ್ಕ ಸುಲಭವಾದದ್ದು. ಬಿಳಿಯ ಹಿಮ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಕರಗಲು ಮತ್ತಷ್ಟು ಶಾಖವನ್ನು ನುಂಗುತ್ತದೆ. ನೆಲ ತಡವಾಗಿ ಕಾಯುತ್ತದೆ. ಕಾಯದ ನೆಲ ಸಮುದ್ರದ ಗಾಳಿಯನ್ನು ಬಲವಾಗಿ ಸೆಳೆಯಲಾರದು. ಹಿಮದ ಮೊತ್ತವನ್ನು ಆಧರಿಸಿ 1882ರಿಂದ ಪ್ರಾಯೋಗಿಕವಾಗಿ ಮುನ್ಸೂಚನೆಗಳನ್ನು ಕೊಟ್ಟು ನೋಡಿ, 1886ರ ಜೂನ್ 4ರಂದು ಆತ ಕ್ರಮಬದ್ಧವಾದ ಮೊದಲ ಮುಂಗಾರು ಮುನ್ಸೂಚನೆಯನ್ನು ಹೊರಡಿಸಿದ. ಚಹದ ಅಂಗಡಿಯ ತರುಣನಿಗೆ ನಾನು ಇದನ್ನು ಹೇಳಿದಾಗ ಅವನ ಮುಖ ಅರಳಿತು. ಅವನು ಬಯಸಿದ ಹಿಮ ಬಾದಾಮಿಗೆ ಬರಲಾರದು, ನಿಜ. ಆದರೆ ಬೇರೆಡೆ ಬಿದ್ದ ಹಿಮವನ್ನು ಅಳೆದು ಈ ನಾಡಿನ ಮಳೆಯನ್ನು ಊಹಿಸಲು ಹೊರಟವರಿದ್ದರು.

ಈ ಕಥೆಯ ಮುಂದಿನ ಭಾಗ ನನಗೆ ಹೆಚ್ಚು ಇಷ್ಟ. 1899ರಲ್ಲಿ, ಬ್ಲಾನ್‌ಫರ್ಡನ ತರುವಾಯ ಬಂದ ಜಾನ್ ಎಲಿಯಟ್ ಒಳ್ಳೆಯ ಮಳೆಯಾಗುವುದೆಂದು ಮುನ್ಸೂಚನೆ ಕೊಟ್ಟ. ಆ ವರ್ಷ ಭೀಕರ ಅನಾವೃಷ್ಟಿಯಾಯಿತು. 1904ರಲ್ಲಿ ಇಲಾಖೆಯ ಹೊಣೆ ಹೊತ್ತ ಗಿಲ್ಬರ್ಟ್ ವಾಕರ್ ಮೂಲತಃ ಗಣಿತಜ್ಞ. ಹಿಂದಿನವರ ತಪ್ಪುಗಳನ್ನು ಮರೆಮಾಡುವುದಕ್ಕೆ ಬದಲಾಗಿ ಅವನ್ನೇ ಎದುರಿಗೆ ಹರಡಿಕೊಂಡು ಅವನು ಲೆಕ್ಕಕ್ಕೆ ಕುಳಿತ. ಜಗತ್ತಿನ ನಾನಾ ಕಡೆಗಳ ಗಾಳಿಯ ಒತ್ತಡ, ಮಳೆ, ಉಷ್ಣತೆಗಳ ದಾಖಲೆಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದ. ಹಿಮದ ಸಂಬಂಧ ನಂಬಿದ್ದಷ್ಟು ಗಟ್ಟಿಯಾಗಿರಲಿಲ್ಲ. ಆದರೆ ಆ ಹುಡುಕಾಟದಲ್ಲಿ ಶಾಂತಸಾಗರಕ್ಕೂ ಹಿಂದೂ ಮಹಾಸಾಗರಕ್ಕೂ ನಡುವೆ ಗಾಳಿಯ ಒತ್ತಡವು ತಕ್ಕಡಿಯಂತೆ ತೂಗಾಡುವುದನ್ನು ಅವನು ಕಂಡುಹಿಡಿದ. ಎಲ್ ನಿನೊ ಎಂದು ನಾವು ಪತ್ರಿಕೆಗಳಲ್ಲಿ ಓದುವ ವಿದ್ಯಮಾನ ಅದರೊಡನೆ ಹೆಣೆದುಕೊಂಡದ್ದು. ಎಲ್ ನಿನೊ ತಲೆದೋರಿದ 2023ರಲ್ಲಿ ಕರ್ನಾಟಕದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಇಂದಿಗೂ ಏಪ್ರಿಲಿನಲ್ಲಿ ಮುಂಗಾರಿನ ಮುನ್ಸೂಚನೆ ಹೊರಡಿಸುವಾಗ ಇಲಾಖೆ ಸಾಗರಗಳ ಉಷ್ಣತೆಯೊಡನೆ ಉತ್ತರ ಗೋಳಾರ್ಧದ ಹಿಮದ ಹರವನ್ನೂ ಗಮನಿಸುತ್ತದೆ.

ತಪ್ಪನ್ನು ಬರೆದಿಟ್ಟದ್ದರಿಂದ ಈ ವಿದ್ಯೆ ಬೆಳೆಯಿತು. ಕಟ್ಟೆಯ ಮೇಲೆ ನಾವು ಮಾಡದಿರುವುದು ಇದನ್ನೇ. ನಿಜವಾದ ಊಹೆಯನ್ನು ಹತ್ತು ವರ್ಷ ನೆನೆಯುತ್ತೇವೆ. ತಪ್ಪಿದ್ದನ್ನು ಹತ್ತು ದಿನಕ್ಕೆ ಮರೆಯುತ್ತೇವೆ. ಪಂಚಾಂಗ ಓದುವವರನ್ನೂ, ಇಂದು ಫೋನಿನ ಪರದೆಯ ಮೇಲೆ ಬಂದು ಪ್ರಳಯದಂಥ ಮಳೆಯನ್ನು ಸಾರುವವರನ್ನೂ "ಹೋದ ವರ್ಷ ನೀವು ಹೇಳಿದ್ದು ಏನಾಯಿತು?" ಎಂದು ಯಾರೂ ಕೇಳುವುದಿಲ್ಲ.

ನನ್ನ ಸೋದರಮಾವ ಹುನಗುಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದರು. ಮಳೆ ಹೇಳುವುದರಲ್ಲಿ ಅವರಿಗೆ ದೊಡ್ಡ ಹೆಸರು. ಇರುವೆ ತತ್ತಿ ಹೊತ್ತು ಸಾಗುವುದು, ಚಂದ್ರನ ಸುತ್ತ ಕಣ ಕಟ್ಟುವುದು, ಪಡುವಲ ಗಾಳಿ ತಿರುಗುವುದು, ಎಲ್ಲವನ್ನೂ ನೋಡಿ ಹೇಳುತ್ತಿದ್ದರು. ಒಂದು ವರ್ಷ ಉತ್ತರಿ ಮಳೆಗೆ ನೆಲ ಹದವಾಗಿ ತೊಯ್ದಿತ್ತು. "ಈಗ ಬಿತ್ತಬ್ಯಾಡ್ರಿ, ಹಸ್ತ ಜೋರು ಬರತೈತಿ, ಬಿತ್ತಿದ್ದು ಕೊಚ್ಚಿ ಹೋಗತೈತಿ" ಎಂದು ಮಾವ ಹೇಳಿದರು. ನೆರೆಯ ಹೊಲದ ವಿಧವೆಯೊಬ್ಬರು, ಎರಡು ಎಕರೆಯ ಒಡತಿ, ಅವರ ಮಾತನ್ನು ನಂಬಿ ಕೂರಿಗೆ ಹೂಡಲಿಲ್ಲ. ಹಸ್ತ ಬರಲಿಲ್ಲ. ನೆಲದ ಹಸಿ ಆರಿತು. ಆ ವರ್ಷ ಅವರ ಬೀಜದ ಜೋಳ ಮನೆಯ ಊಟಕ್ಕೆ ಹೋಯಿತು. ಯಾರೂ ಮಾವನನ್ನು ದೂರಲಿಲ್ಲ, ಮಳೆಯನ್ನು ದೂರಿದರು.

ಆಗ ನಾನು ನಿಮ್ಮಷ್ಟೇ ವಯಸ್ಸಿನವನು, ರಜೆಗೆ ಅಲ್ಲಿಗೆ ಹೋಗುತ್ತಿದ್ದೆ. ಮರುವರ್ಷ ಮಾವ ಹೇಳಿದ ಮಾತನ್ನೆಲ್ಲ ಶಾಲೆಯ ವಹಿಯ ಹಿಂಬದಿಯ ಹಾಳೆಯಲ್ಲಿ ತಾರೀಖು ಹಾಕಿ ಬರೆಯಲು ಮನೆಯವರಿಗೆ ಹೇಳಿಬಂದೆ. ರಜೆಯಲ್ಲಿ ನಾನೇ ಬರೆದೆ. ದೀಪಾವಳಿಗೆ ಕೂಡಿಸಿ ನೋಡಿದರೆ ಹನ್ನೊಂದು ಊಹೆಗಳಲ್ಲಿ ಆರು ನಿಜವಾಗಿದ್ದವು. ಹುಡುಗತನದ ಹುಮ್ಮಸ್ಸಿನಲ್ಲಿ ಊಟದ ಹೊತ್ತಿಗೆ ಎಲ್ಲರೆದುರು ಓದಿಬಿಟ್ಟೆ. ಮಾವ ತಾಟಿನ ಮುಂದಿನಿಂದ ಎದ್ದುಹೋದರು. ಎರಡು ದಿನ ನನ್ನೊಡನೆ ಮಾತಿಲ್ಲ. ಮೂರನೆಯ ದಿನ ತಾವೇ ಬಂದು, "ಆ ಐದು ತಪ್ಪಿದ್ದು ಯಾವ್ಯಾವು, ಇನ್ನೊಮ್ಮೆ ಓದು" ಎಂದರು. ಓದಿದೆ. ಐದರಲ್ಲಿ ನಾಲ್ಕು ಬಾರಿ ಅವರು ಪಡುವಲ ಗಾಳಿಯನ್ನು ನಂಬಿದ್ದರು.

ಅನಂತರದ ವರ್ಷ ಉತ್ತರಿ ಮಳೆಗೆ ಮತ್ತೆ ನೆಲ ಹದವಾದಾಗ ಆ ವಿಧವೆ ಕೇಳಲು ಬಂದರು. ಮಾವ ಬಹಳ ಹೊತ್ತು ಸುಮ್ಮನಿದ್ದು, "ಹತ್ತರಾಗ ಆರು ಪಾಲು ಹಸ್ತ ಬಂದೀತವ್ವಾ. ನಾಕು ಪಾಲು ಬರಲಾರದು" ಎಂದರು. ಅವರು ಹೀಗೆ ಮಾತನಾಡಿದ್ದನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ. ಆಕೆ ಲೆಕ್ಕ ಹಾಕಿ ಒಂದು ಎಕರೆಯನ್ನು ಆಗಲೇ ಬಿತ್ತಿ ಒಂದು ಎಕರೆಯನ್ನು ಹಸ್ತಕ್ಕೆ ಉಳಿಸಿಕೊಂಡರು. ಹವಾಮಾನ ಇಲಾಖೆ ಇಂದು ಶೇಕಡಾ 60ರಷ್ಟು ಸಂಭವವೆಂದರೆ ಅರ್ಥ ಇದೇ: ಇಂಥ ಹತ್ತು ಸನ್ನಿವೇಶಗಳಲ್ಲಿ ಆರರಲ್ಲಿ ಮಳೆಯಾದೀತು, ನಾಲ್ಕರಲ್ಲಿ ಆಗಲಾರದು. ಅದನ್ನು ಕೇಳಿದವನು ತನ್ನ ಹೊಲವನ್ನೂ ಕೈಯಲ್ಲಿರುವ ಬೀಜವನ್ನೂ ನೋಡಿ ತಾನೇ ನಿರ್ಧರಿಸಬೇಕು. "ಬಂದೇ ಬರುತ್ತದೆ" ಎಂಬ ಮಾತು ಕೇಳಲು ಇಂಪಾಗಿದ್ದರೂ ಅದನ್ನು ನಂಬಿದವನಿಗೆ ಅರ್ಧ ಹೊಲವನ್ನು ಉಳಿಸಿಕೊಳ್ಳುವ ದಾರಿ ಕಾಣುವುದಿಲ್ಲ.

ಮಳೆಯನ್ನು ಅಳೆಯುವುದು ಕಷ್ಟದ ಕೆಲಸವಲ್ಲ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿಯೊಂದನ್ನು ಮರಮನೆಗಳಿಂದ ದೂರ ಬಯಲಿನಲ್ಲಿಟ್ಟು, ದಿನವೂ ಬೆಳಿಗ್ಗೆ ಎಂಟೂವರೆಗೆ ಅದರಲ್ಲಿ ನಿಂತ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ನೋಡಿದರಾಯಿತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಬಿದ್ದರೆ ಒಂದು ಲಕ್ಷ ಲೀಟರಿಗೂ ತುಸು ಹೆಚ್ಚು! ಹುನಗುಂದದ ಒಕ್ಕಲಿಗರು ಹೊಲದ ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿ ಕಲ್ಲಿನ ಕಟ್ಟೆ ಕಟ್ಟುವುದು ಈ ಲಕ್ಷ ಲೀಟರ್ ಹಳ್ಳಕ್ಕೆ ಓಡದಿರಲೆಂದು. ಇಂದು ಗ್ರಾಮ ಪಂಚಾಯತಿಯ ಮಟ್ಟದವರೆಗೆ ಸರ್ಕಾರ ಮಳೆಮಾಪಕಗಳನ್ನು ನೆಟ್ಟಿದೆ. ಆದರೂ ಎತ್ತಿನ ಒಂದು ಕೊಂಬು ತೊಯ್ದು ಇನ್ನೊಂದು ಒಣಗಿರುತ್ತದೆಂದು ನಮ್ಮ ಜನ ಹೇಳುವಂತೆ, ಇಳಕಲ್ಲಿನಲ್ಲಿ ಸುರಿದ ಮಳೆ ಹುನಗುಂದಕ್ಕೆ ಬರುವಷ್ಟರಲ್ಲಿ ನಿಂತಿರುವುದುಂಟು. ಊರಿಗೊಂದು ಶಾಲೆ ಇರುವಾಗ ಶಾಲೆಗೊಂದು ಡಬ್ಬಿಯೂ ಒಂದು ವಹಿಯೂ ಇರಬಾರದೇಕೆಂದು ನಾನು ಅನೇಕ ಸಲ ಕೇಳಿದ್ದೇನೆ. ವಿಜ್ಞಾನದ ಪಾಠದಲ್ಲಿ ಮಳೆಮಾಪಕದ ಚಿತ್ರ ಬರೆದು ಅಂಕ ಪಡೆದ ವಿದ್ಯಾರ್ಥಿಗಳು ಬಹಳ. ಅದರಲ್ಲಿ ನಿಂತ ನೀರನ್ನು ನೋಡಿದವರು ವಿರಳ.

ಚಹದ ಅಂಗಡಿಯಲ್ಲಿ ನಾನು ಇಷ್ಟೆಲ್ಲವನ್ನೂ ಹೇಳಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು. ಮಾವನ ವಹಿಯ ಕಥೆಯನ್ನು ಮಾತ್ರ ಹೇಳಿದೆ. ಅಂಗಡಿಯವರು ಸೌದೆಯ ಒಲೆಯ ಮುಂದಿನಿಂದ ಎದ್ದು, ಉದ್ರಿ ಬರೆಯುವ ವಹಿಯನ್ನು ತೆಗೆದು ಅದರ ಕೊನೆಯ ಹಾಳೆಯನ್ನು ಮಗುಚಿದರು.

"ಬರೀರಿ ನೋಡೂಣು. ಈ ವರ್ಷ ರೋಹಿಣಿ ಬರತೈತೋ ಇಲ್ಲೋ, ಹತ್ತರಾಗ ಎಷ್ಟು ಪಾಲು ಅಂತ ಒಬ್ಬೊಬ್ಬರ ಬರೀರಿ."

ತರುಣ ಎಂಟು ಎಂದು ಬರೆದ. ಅವನ ಗೆಳೆಯ ಐದು ಎಂದು ಬರೆದು, ಹೊಡೆದುಹಾಕಿ, ನಾಲ್ಕು ಮಾಡಿದ. ಹಿರಿಯರು ಪೆನ್ನನ್ನು ಕೈಯಲ್ಲಿ ಹಿಡಿದು ಬಂಡೆಯ ಮೇಲಿನ ಆಕಾಶವನ್ನು ನೋಡುತ್ತ ನಿಂತರು. ರೋಹಿಣಿ ಕೂಡಲು ಇನ್ನೂ ನಾಲ್ಕು ತಿಂಗಳಿತ್ತು. ಅವರು ಏನು ಬರೆದರೆಂದು ನೋಡುವುದರೊಳಗೆ ನನ್ನ ಬಸ್ಸು ಬಂತು.